ದೇವರಿಗೆ ಕಾಲಂ ಇಲ್ಲದ ಸಮೀಕ್ಷೆ

ನಿಜ ಹೇಳಿದರೆ ಒಳ್ಳೆಯದೇ ಆಗುತ್ತದೆ ಎಂದು ನಂಬಿಕೊಂಡು ಬಂದವಳು ನಾನು. ಈಗಲೂ ನಂಬುತ್ತೇನೆ. ಆದರೆ ಆ ಒಳ್ಳೆಯದು ಯಾರಿಗೆ ಆಗುತ್ತದೆ, ಆಗುವ ಮೊದಲು ನಮ್ಮ ಮಾನ ಎಷ್ಟು ಹೋಗುತ್ತದೆ ಎನ್ನುವುದನ್ನು ದೇವರು ಮುಂಚಿತವಾಗಿ ತಿಳಿಸುವುದಿಲ್ಲ. ತಿಳಿಸಿದ್ದರೆ ಕೊರೊನಾ ವರ್ಷದ ಆ ಗುರುವಾರ ಸಂಜೆ ನಾನು ಫೋನು ಎತ್ತುತ್ತಲೇ ಇರಲಿಲ್ಲ. ಮಾರನೆಯ ದಿನದ ಪೂಜೆಗೆಂದು ದೀಪದ ಕಂಬ, ಆರತಿ ತಟ್ಟೆ, ಪಂಚಪಾತ್ರೆ, ಗಂಟೆ ಎಲ್ಲವನ್ನೂ ಹಿತ್ತಿಲ ಕಟ್ಟೆಯ ಮೇಲೆ ಹರವಿಕೊಂಡು ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕೂತಿದ್ದೆ. ಮೊಣಕೈವರೆಗೂ ಹುಳಿ. ಪಕ್ಕದಲ್ಲಿಟ್ಟಿದ್ದ ಫೋನು ಹೊಡೆದುಕೊಂಡಿತು. ಕೈಯಲ್ಲಿ ಮುಟ್ಟುವಂತಿಲ್ಲ, ಬಗ್ಗಿ ಮೂಗಿನ ತುದಿಯಿಂದ ಹಸಿರು ಗುರುತನ್ನು ಪಕ್ಕಕ್ಕೆ ಸರಿಸಿದೆ. ಈ ವಿದ್ಯೆ ನನಗೆ ಸಿದ್ಧಿಸಿರುವುದು ಕೂಡ ದೇವರ ದಯೆ ಎಂದೇ ತಿಳಿದಿದ್ದೇನೆ. ಮೂಗು ಸ್ವಲ್ಪ ಮೊಂಡಾಗಿದ್ದರೆ ಆಗುತ್ತಿರಲಿಲ್ಲ.

ಫೋನು ಮಾಡಿದವರು ಯಾರು ಎನ್ನುವುದಕ್ಕೆ ಮುಂಚೆ ಕ್ಲಾರಾ ವಿಷಯ ಹೇಳಬೇಕು. ಹೊರದೇಶದ ಒಂದು ವಿಶ್ವವಿದ್ಯಾಲಯದವರು ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲೂಕಿನ ಮಹಿಳಾ ಸಂಘದ ಹೆಂಗಸರ ಮನೆಯಲ್ಲಿ ಏನು ಬೇಯುತ್ತದೆ, ಅದನ್ನು ಯಾರು ಎಷ್ಟು ತಿನ್ನುತ್ತಾರೆ ಎಂದು ಅಧ್ಯಯನ ಮಾಡುತ್ತಿದ್ದರು. ಅಂತರರಾಷ್ಟ್ರೀಯ ಅಭಿವೃದ್ಧಿ ಸಂಶೋಧನೆ ಅಂತ ಅದರ ಹೆಸರು. ಅಭಿವೃದ್ಧಿ ಆಗಬೇಕಾದವರು ನಾವು, ಸಂಶೋಧನೆ ಮಾಡಬೇಕಾದವರು ಅವರು, ಅಂತರರಾಷ್ಟ್ರೀಯ ಅಂದರೆ ನಡುವಿನ ಸಮುದ್ರ. ಕ್ಲಾರಾ ಆ ಸಂಶೋಧನೆಯ ಮುಖ್ಯಸ್ಥೆ. ಪ್ರತಿವರ್ಷ ಜೀಪಿನಲ್ಲಿ ಬಂದು ನಮ್ಮ ಅಡುಗೆಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದಳು. ಕೂತ ಮೇಲೆ ಏಳಿಸಲು ಇಬ್ಬರು ಬೇಕಾಗುತ್ತಿತ್ತು, ಅದು ಬೇರೆ ಮಾತು. ಮಿಡಿ ಉಪ್ಪಿನಕಾಯಿ ತಿಂದು ಅತ್ತಿದ್ದಾಳೆ; ಅತ್ತು ಮತ್ತೊಂದು ಕೇಳಿದ್ದಾಳೆ. ಒಂದು ಸಲ ನನ್ನ ಜೊತೆ ಹೊಳೆಬಾಗಿಲಿನಿಂದ ಲಾಂಚಿನಲ್ಲಿ ಸಿಗಂದೂರಿಗೂ ಬಂದು ಪ್ರಸಾದ ತಿಂದಿದ್ದಳು. ಅವಳಿಗೆ ಕನ್ನಡ ಬಾರದಿದ್ದರೂ ಕಣ್ಣಿತ್ತು. ನಾನು ಉಪವಾಸ ಎಂದು ಹೇಳಿದ ದಿನ ನನ್ನ ತಟ್ಟೆಯಲ್ಲಿ ಏನಿತ್ತು ಎಂದು ಅವಳೇ ನೋಡಿ, ನಕ್ಕು, ಬರೆದುಕೊಳ್ಳುತ್ತಿದ್ದಳು.

ಕೊರೊನಾ ಬಂತು, ವಿಮಾನ ನಿಂತಿತು, ಕ್ಲಾರಾಳ ಕಣ್ಣು ಅಲ್ಲೇ ಉಳಿಯಿತು. ಸಂಶೋಧನೆ ಮಾತ್ರ ನಿಲ್ಲಲಿಲ್ಲ. ಜಗತ್ತಿನ ಬಡವರು ಏನು ತಿನ್ನುತ್ತಿದ್ದಾರೆಂದು ಇನ್ನು ಫೋನಿನಲ್ಲೇ ಕೇಳುವುದು ಎಂದು ಎಲ್ಲ ದೇಶದ ದೊಡ್ಡವರು ಸೇರಿ ತೀರ್ಮಾನ ಮಾಡಿದರಂತೆ.

ಹಾಗೆ ಬಂದ ಫೋನು ಅದು. ಆ ಕಡೆ ಒಂದು ಹುಡುಗಿ, ಜೊತೆಗೆ ಭರ್ರೆಂದು ಗಾಳಿ.

"ನಮಸ್ಕಾರ ಮೇಡಂ, ನಾನು ರಕ್ಷಿತಾ ಅಂತ, ಕ್ಲಾರಾ ಮೇಡಂ ಸಮೀಕ್ಷೆ ಕಡೆಯಿಂದ. ನಿಮ್ಮ ಅಮೂಲ್ಯ ಸಮಯದಲ್ಲಿ ಇಪ್ಪತ್ತು ನಿಮಿಷ..."

"ಎಲ್ಲಿಂದ ಮಾತಾಡ್ತಿದ್ದೀಯಮ್ಮ? ವಿಮಾನದ ಸದ್ದು ಬರ್ತಾ ಉಂಟಲ್ಲ."

"ಇಲ್ಲ ಆಂಟಿ, ಹುಲಿಕಲ್ ಹತ್ರ ನಮ್ಮೂರು. ಮನೇಲಿ ನೆಟ್‌ವರ್ಕ್ ಬರಲ್ಲ. ಗುಡ್ಡದ ಮೇಲೆ ಒಂದು ಕಲ್ಲುಂಟು, ಅದರ ಮೇಲೆ ನಿಂತ್ರೆ ಮಾತ್ರ ಬರ್ತದೆ. ಒಂದ್ನಿಮಿಷ ಇರಿ, ಇಂಬಳ ಹತ್ತಿದೆ, ಕಿತ್ತು ಹಾಕ್ತೀನಿ."

ಸಮುದ್ರದಾಚೆಯ ವಿಶ್ವವಿದ್ಯಾಲಯ ಅಷ್ಟು ಹೊತ್ತು ಇಂಬಳಕ್ಕಾಗಿ ಕಾದಿತು. ರಕ್ತ ಹೀರುವ ಜಂತುವಿಗೆ ಇಂಥ ಮರ್ಯಾದೆ ಹಿಂದೆಂದೂ ಸಿಕ್ಕಿರಲಾರದು. ಆಮೇಲೆ ಹುಡುಗಿ ಗಂಟಲು ಸರಿಮಾಡಿಕೊಂಡು, ದೂರದರ್ಶನದ ವಾರ್ತೆಯ ಧಾಟಿಯಲ್ಲಿ ಓದಿದಳು: "ಕಳೆದ ಏಳು ದಿನಗಳಲ್ಲಿ ನೀವು ಅಥವಾ ನಿಮ್ಮ ಕುಟುಂಬದ ವಯಸ್ಕ ಸದಸ್ಯರು ಯಾವುದಾದರೂ ಹೊತ್ತಿನ ಊಟವನ್ನು ಬಿಟ್ಟಿದ್ದೀರಾ?"

ನಿಜ ಹೇಳಬೇಕಲ್ಲ. "ಬಿಟ್ಟಿದ್ದೀನಿ. ಸೋಮವಾರ ರಾತ್ರಿ ಬಿಟ್ಟೆ, ಶನಿವಾರ ರಾತ್ರಿ ಬಿಟ್ಟೆ, ಏಕಾದಶಿ ದಿನ ಪೂರ್ತಿ ಬಿಟ್ಟೆ. ನಮ್ಮನೆಯವರೂ ಶನಿವಾರ ಬಿಡ್ತಾರೆ. ಬಿಡ್ತೀನಿ ಅಂತಾರೆ."

"ಓ! ತರಕಾರಿ ಸೇವನೆ ಕಡಿಮೆಯಾಗಿದೆಯೆ?"

ನಮ್ಮ ಮನೆಯಲ್ಲಿ ಅತ್ತೆಯವರ ಕಾಲದಿಂದ ಚಾತುರ್ಮಾಸ್ಯದ ವ್ರತ ನಡೆದುಕೊಂಡು ಬಂದಿದೆ. ಮಳೆಗಾಲದ ನಾಲ್ಕು ತಿಂಗಳು ದೇವರಿಗಾಗಿ ತಿಂಗಳಿಗೊಂದು ಪದಾರ್ಥ ಬಿಡುವುದು. ಆಗ ಮೊದಲ ತಿಂಗಳು ನಡೆಯುತ್ತಿತ್ತು.

"ಕಡಿಮೆ ಎಂತ, ತರಕಾರಿ ಪೂರ್ತಿ ಬಿಟ್ಟಿದ್ದೀವಿ."

"ಪೂರ್ತಿ! ಮೊಸರು, ಮಜ್ಜಿಗೆ?"

"ಸದ್ಯಕ್ಕೆ ಉಂಟು. ಬರೋ ತಿಂಗಳಿಂದ ಇಲ್ಲ."

"ಹಾಲು?"

"ಅದರ ಮುಂದಿನ ತಿಂಗಳು ಹೋಗ್ತದೆ."

ಆ ಕಡೆ ಗಾಳಿಯೂ ಸ್ವಲ್ಪ ನಿಂತ ಹಾಗಾಯಿತು. ಹುಡುಗಿ ಬಹಳ ಮೆತ್ತಗಿನ ದನಿಯಲ್ಲಿ, "ಬೇಳೆಕಾಳು ಆಂಟಿ?" ಎಂದಳು.

"ನಾಲ್ಕನೇ ತಿಂಗಳು ಅದನ್ನೂ ಬಿಡಬೇಕು. ವ್ರತ ಅಲ್ವೇನಮ್ಮ, ಚಾತುರ್ಮಾಸ್ಯ. ದೇವರಿಗೆ."

"ಅದು ಗೊತ್ತಾಯ್ತು ಆಂಟಿ. ನಮ್ಮಜ್ಜಿನೂ ಮಾಡ್ತಾರೆ. ಆದ್ರೆ ಇಲ್ಲಿ ಕಾರಣ ಅಂತ ಇರೋದು ಹಣದ ಕೊರತೆ, ಅಂಗಡಿ ಬಂದ್, ಅನಾರೋಗ್ಯ, ಇತರೆ. ದೇವರಿಗೆ ಕಾಲಂ ಇಲ್ಲ."

"ಹಾಗಾದ್ರೆ ಇತರೆ ಅಂತ ಹಾಕು."

"ಹಾಕಿದೀನಿ. ಪಕ್ಕದ ಮನೆಯಿಂದ ಆಹಾರ ಪದಾರ್ಥ ಕೇಳಿ ತಂದಿದ್ದೀರಾ?"

ಹೆಪ್ಪಿಗೆ ಮೊಸರು, ಒಗ್ಗರಣೆಗೆ ಕರಿಬೇವು, ಹೀಗೆ ದಿನಾ ತರುತ್ತೇನೆ. ಅದನ್ನೂ ಹೇಳಿದೆ. ಫೋನಿಟ್ಟು ದೀಪದ ಕಂಬವನ್ನು ಬೂದಿ ಹಚ್ಚಿ ಬೆಳಗಿದೆ. ಥಳಥಳ ಹೊಳೆಯಿತು. ನನ್ನ ಮನಸ್ಸೂ ಹಾಗೇ ಇತ್ತು. ದೇಶವೆಲ್ಲ ಸುಳ್ಳು ಹೇಳುತ್ತಿರುವಾಗ ನಾನೊಬ್ಬಳಾದರೂ ನಿಜ ಹೇಳಿದೆನಲ್ಲ ಎಂದು.

ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಫೋನು ಹೊಡೆದುಕೊಂಡಿತು. ನಮ್ಮದೂ ಸರೋಜಕ್ಕನದೂ ಒಂದೇ ಗೋಡೆಯ ಮನೆ. ಗೋಡೆಯ ಈ ಕಡೆ ನಮ್ಮ ಅಡುಗೆಮನೆ, ಆ ಕಡೆ ಅವರದು. ಸರೋಜಕ್ಕ ನನ್ನದೇ ಮಹಿಳಾ ಸಂಘದವಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಅವಳ ಗಂಡ ರಾಮಚಂದ್ರಣ್ಣ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸಿನ ಏಜೆಂಟರು. ಬಸ್ಸು ಎಲ್ಲೆಲ್ಲಿಗೆ ಹೋಗುತ್ತದೆಂದು ಕೂಗಿ ಜನ ಹತ್ತಿಸುವ ಕೆಲಸ. ಬಸ್ಸು ನಿಂತ ಮೇಲೆ ಕೆಲಸವೂ ನಿಂತಿತ್ತು, ಆದರೆ ಗಂಟಲು ಕೇಳಬೇಕಲ್ಲ. ಬೆಳಿಗ್ಗೆ ಹಲ್ಲುಜ್ಜುತ್ತ ಬಚ್ಚಲ ಬಾಗಿಲಲ್ಲಿ ನಿಂತು, "ಹೊಸನಗರ, ರಿಪ್ಪನ್‌ಪೇಟೆ, ತೀರ್ಥಹಳ್ಳೀ..." ಎಂದು ಒಂದು ಸಲ ಕೂಗಿದರೇ ಅವರಿಗೆ ಸಮಾಧಾನ. ಆ ಹೊತ್ತಿಗೆ ತೀರ್ಥಹಳ್ಳಿಗೆ ಹೋಗುವವರು ಯಾರೂ ಬಚ್ಚಲಲ್ಲಿ ಇರುತ್ತಿರಲಿಲ್ಲ.

ನಮ್ಮ ಮನೆಯವರು ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತರು. ದೇವರ ದಯೆಯಿಂದ ಸಂಬಳ ನಿಂತಿರಲಿಲ್ಲ. ಸರೋಜಕ್ಕನ ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ರೇಷನ್ ಅಕ್ಕಿ ಬರುತ್ತಿತ್ತು. ಅಕ್ಕಿಯ ಜೊತೆ ಬೇಕಾದದ್ದು ಬರುತ್ತಿರಲಿಲ್ಲ. ಇದನ್ನು ಅವಳು ನನಗೆ ಹೇಳಿದ್ದಲ್ಲ, ಗೋಡೆ ಹೇಳಿದ್ದು. ಮೊದಲೆಲ್ಲ ಅವರ ಕುಕ್ಕರ್ ಸೀಟಿ ಕೇಳಿಯೇ ನಾನು ಗ್ಯಾಸು ಹಚ್ಚುತ್ತಿದ್ದೆ. ಆಷಾಢದ ಹೊತ್ತಿಗೆ ಸೀಟಿ ನಿಂತಿತ್ತು. ಬೇಳೆ ಬೇಯಬೇಕಾದರೆ ಸೀಟಿ ಬೇಕು, ಗಂಜಿಗೆ ಬೇಡ. ಒಗ್ಗರಣೆಯ ಚಟಪಟವೂ ಇಲ್ಲ. ಅಷ್ಟು ಸಾಕು, ಇನ್ನೇನು ಕೇಳುವುದು?

ಈಗ ಅದೇ ರಕ್ಷಿತಾ ಅದೇ ಕಲ್ಲಿನ ಮೇಲೆ ನಿಂತು ಸರೋಜಕ್ಕನಿಗೆ ಅದೇ ಪ್ರಶ್ನೆ ಕೇಳುತ್ತಿದ್ದಳು. ಸರೋಜಕ್ಕ ಫೋನಿನಲ್ಲಿ ಗಂಡನಿಗಿಂತ ಜೋರಾಗಿ ಮಾತಾಡುವವಳು.

"ಊಟ ಬಿಡೋದಾ? ನಾವಾ? ಎಂತಕ್ಕೆ ಬಿಡ್ಬೇಕು ಮಾರಾಯ್ತಿ? ದಿನಾ ಸಾರು, ಹುಳಿ, ಎರಡು ಬಗೆ ಪಲ್ಯ. ಸಂಜೆ ಏನಾದ್ರೂ ಕರಿದದ್ದು ಇಲ್ದಿದ್ರೆ ನಮ್ಮ ಮಕ್ಕಳಿಗೆ ಆಗಲ್ಲ. ಬರ್ಕೊ. ಮೊನ್ನೆ ಪಾಯಸವೂ ಆಯ್ತು."

ನಾನು ಕೈಯಲ್ಲಿದ್ದ ಗಂಟೆಯನ್ನು ಹಾಗೇ ಹಿಡಿದು ಕೂತೆ. ಸಮೀಕ್ಷೆ ಮುಗಿದಿತ್ತು. ಪಾಯಸ ಗೋಡೆಯ ಆ ಕಡೆಗೂ, ಹಸಿವು ಈ ಕಡೆಗೂ ಬಿದ್ದಿತ್ತು.

ಆಮೇಲೆ ಶ್ರಾವಣ ಬಂತು, ವರಮಹಾಲಕ್ಷ್ಮಿ ವ್ರತ ಬಂತು. ನಾನು ನನ್ನ ಮದುವೆಯ ಹಸಿರು ರೇಷ್ಮೆ ಸೀರೆ ಉಟ್ಟು, ಇದ್ದಬದ್ದ ಚಿನ್ನವನ್ನೆಲ್ಲ ಹಾಕಿಕೊಂಡು, ಹಜಾರದಲ್ಲಿ ಕಲಶಕ್ಕೆ ಸೀರೆ ಉಡಿಸಿ, ಲಕ್ಷ್ಮಿಯ ಕೊರಳಿಗೆ ಹೊಸ ನೋಟಿನ ಮಾಲೆ ಹಾಕಿ ಮಂಗಳಾರತಿ ಎತ್ತುವುದರಲ್ಲಿದ್ದೆ. ಹೊರಗೆ ವ್ಯಾನು ನಿಂತಿತು. ಮಳೆಕೋಟು, ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ ಪರದೆ ತೊಟ್ಟ ಸ್ವಯಂಸೇವಕನೊಬ್ಬ ಇಳಿದ. ಮೂರು ಮುಚ್ಚಳದೊಳಗಿಂದ ಮಾತು ಹೊರಗೆ ಬರಬೇಕಲ್ಲ, ಕೇರಿಗೆಲ್ಲ ಕೇಳುವಂತೆ ಕೂಗಿದ.

"ಊಟಕ್ಕಿಲ್ಲದೆ ತೀರಾ ಕಷ್ಟದಲ್ಲಿದ್ದಾರಲ್ಲ, ಪದ್ಮಾವತಿ ಅಂತ, ಅವ್ರ ಮನೆ ಯಾವ್ದು?"

ಕೇರಿಯ ಎಲ್ಲ ಕಿಟಕಿಗಳೂ ತೆರೆದವು. ಆರತಿ ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದು, "ನಾನೇ" ಎಂದೆ.

ಅವನು ನನ್ನನ್ನು ನೋಡಿದ. ಸೀರೆ ನೋಡಿದ. ಓಲೆ ನೋಡಿದ. ಕೈಯಲ್ಲಿದ್ದ ಚೀಟಿ ನೋಡಿದ. "ತರಕಾರಿ ನಿಂತಿದೆ, ಮೊಸರು ನಿಲ್ಲೋದ್ರಲ್ಲಿದೆ ಅಂತ ಬಂದಿದೆಯಲ್ಲಮ್ಮ? ಮೊಸರು ನಿಲ್ಲೋದ್ರೊಳಗೆ ಮುಟ್ಟಿಸ್ಬೇಕು ಅಂತ ಹೊರದೇಶದಿಂದ ಅರ್ಜೆಂಟ್ ಮೇಲ್ ಬಂದಿದೆ. ಮೂರು ತಾಲೂಕಿಗೆ ನಿಮ್ದೇ ಮೊದ್ಲು."

"ನಿಂತಾಯ್ತಪ್ಪ. ಇವತ್ತು ಬೆಳಿಗ್ಗೆಯಿಂದ" ಎಂದೆ. ನಿಜವನ್ನೇ ಹೇಳಿದ್ದು.

"ಛೆ, ಒಂದು ದಿನ ತಡ ಆಯ್ತು" ಎಂದು ಅವನು ನಿಜವಾಗಿಯೂ ನೊಂದುಕೊಂಡ.

ಚೀಲ ದೊಡ್ಡದೇ ಇತ್ತು. ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಎಣ್ಣೆ, ಬೆಲ್ಲ, ಉಪ್ಪು, ಸೋಪು, ಮಕ್ಕಳಿಗೆ ಕೊಡುವ ಹಿಟ್ಟಿನ ಡಬ್ಬಿ. ಇದನ್ನು ಪಕ್ಕದ ಮನೆಗೆ ಕೊಡಪ್ಪ ಎಂದು ಮೆಲ್ಲಗೆ ಹೇಳಿ ನೋಡಿದೆ. "ಅವ್ರು ತುಂಬ ಚೆನ್ನಾಗಿದ್ದಾರೆ ಅಂತ ಇದೆ ಅಮ್ಮ. ಪಾಯಸದವರು" ಎಂದ. ಅಲ್ಲದೆ ಫೋಟೋ ಕಡ್ಡಾಯ, ಚೀಲ ಹಿಡಿದು ನಾನೇ ನಿಲ್ಲಬೇಕು. ನಿಂತೆ. ಅವನು ಮೊಬೈಲು ಎತ್ತಿ, ಇಳಿಸಿ, "ಅಮ್ಮ, ಹಿಂದೆ ಲಕ್ಷ್ಮಿ ಬರ್ತಿದ್ದಾಳೆ" ಎಂದ.

"ಬರ್ಲಿ ಬಿಡು, ಒಳ್ಳೇದೇ ಅಲ್ವಾ?"

"ನೋಟಿನ ಮಾಲೆ ಬೇರೆ. ಲಕ್ಷ್ಮಿ ಬಂದ್ರೆ ಫೋಟೋ ಪಾಸಾಗಲ್ಲಮ್ಮ. ಸ್ವಲ್ಪ ಈ ಕಡೆ ಬನ್ನಿ. ನಗ್ಬೇಡಿ."

ವರಮಹಾಲಕ್ಷ್ಮಿಯ ದಿನ ಲಕ್ಷ್ಮಿ ಬಾರದಂತೆ ಸರಿದು ನಿಂತ ಮುತ್ತೈದೆ ಈ ಮೂರು ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಸರಿದದ್ದು ಮಲಗುವ ಕೋಣೆಯ ಪರದೆಯ ಮುಂದಕ್ಕೆ. ಮಾನ ಹೋಯಿತೆಂದು ನಮ್ಮ ಮನೆಯವರು ಆ ಪರದೆಯ ಹಿಂದೆ ಅಡಗಿ ನಿಂತಿದ್ದರು. ಪರದೆ ಗಿಡ್ಡ. ಫೋಟೋದಲ್ಲಿ ನಾನು, ಚೀಲ, ಹಿಂದೆ ಎರಡು ಬರಿಯ ಪಾದ ಬಂದವು.

ವ್ಯಾನು ಹೋದ ಮೇಲೆ ಅವರು ಹೊರಗೆ ಬಂದರು. "ಸಂಬಳ ತಗೊಳ್ಳೋ ಗಂಡನ್ನ ಇಟ್ಕೊಂಡು ಎಂತ ಹೇಳಿದ್ಯೇ ನೀನು ಆ ಹುಡುಗಿಗೆ?"

"ನಿಜ ಹೇಳ್ದೆ ಕಣ್ರೀ."

"ಇನ್ಮೇಲೆ ಫೋನ್ ಬಂದ್ರೆ ದಯವಿಟ್ಟು ಸುಳ್ಳು ಹೇಳು. ನಾಳೆ ನಾನು ಆಫೀಸಿಗೆ ಹೋಗ್ಬೇಕಾ ಬೇಡ್ವಾ? ಇದನ್ನ ವಾಪಸ್ ಕಳಿಸು."

ಕಳಿಸುವುದು ಎಲ್ಲಿಗೆ? ಸಮುದ್ರದಾಚೆಗೆ? ಚೀಲವನ್ನು ಉಗ್ರಾಣದಲ್ಲಿಟ್ಟು ಹೊರಗೆ ಬಂದರೆ ಕಾಂಪೌಂಡಿನ ಆ ಕಡೆ ಸರೋಜಕ್ಕ ನಿಂತಿದ್ದಳು. ಅವಳ ಕಣ್ಣಲ್ಲಿ ನೀರು. "ಇಷ್ಟು ಕಷ್ಟ ಇಟ್ಕೊಂಡು ಒಂದು ಮಾತು ಹೇಳ್ಲಿಲ್ವಲ್ಲೇ ಪದ್ಮಾ! ನಾವೆಲ್ಲ ಇಲ್ವಾ? ಸಂಕೋಚ ಮಾಡ್ಕೋಬೇಡ, ಏನು ಬೇಕಾದ್ರೂ ಕೇಳು."

ಅದು ವ್ರತ, ಕಾಲಂ ಇಲ್ಲ, ಇತರೆ ಎಂದೆಲ್ಲ ವಿವರಿಸಿದೆ. ಅವಳು ತಲೆಯಾಡಿಸಿ, "ಆಯ್ತು ಬಿಡು, ನಾನು ಯಾರಿಗೂ ಹೇಳಲ್ಲ" ಎಂದಳು. ಅದೇ ಸಂಜೆ ಒಂದು ಬಟ್ಟಲು ಒಂದೆಲಗದ ತಂಬುಳಿ ಕಳಿಸಿದಳು. ಮನೆಯಲ್ಲಿ ಮಕ್ಕಳು ಗಂಜಿ ಉಣ್ಣುತ್ತಿರುವಾಗ ಇದ್ದ ಮಜ್ಜಿಗೆಯನ್ನು ನನಗಾಗಿ ತಂಬುಳಿ ಮಾಡಿದ್ದಳು. ನಾನೋ ಮೊಸರು ಬಿಟ್ಟವಳು. ಮನೆಯವರು ಉಂಡು, "ಉಪ್ಪು ಹದವಾಗಿದೆ" ಎಂದು ಕಣ್ಣೊರೆಸಿಕೊಂಡರು.

ಕೊಟ್ಟ ಬಟ್ಟಲನ್ನು ಖಾಲಿ ಹಿಂದಿರುಗಿಸುವುದು ನಮ್ಮ ಕಡೆ ಇಲ್ಲ. ನಾನು ಅದರಲ್ಲಿ ತೊಗರಿಬೇಳೆ ತುಂಬಿ ಕೊಟ್ಟೆ. ಇದೇ ಸರಿಯಾದ ದಾರಿ ಎಂದುಕೊಂಡೆ. ಮಾರನೆಯ ದಿನ ಬೆಳಿಗ್ಗೆ ಸರೋಜಕ್ಕ ತನ್ನ ಮನೆಯಲ್ಲಿ ಉಳಿದಿದ್ದ ನನ್ನದೊಂದು ಬಟ್ಟಲನ್ನು ಹುಡುಕಿ ತೆಗೆದು ಅದರ ತುಂಬ ಸಕ್ಕರೆ ಕಳಿಸಿದಳು. ನಾನು ಎಣ್ಣೆ ಕಳಿಸಿದರೆ ಅವಳು ಕೊಬ್ಬರಿ ಕಳಿಸಿದಳು. ನಾನು ಬೆಲ್ಲ ಕಳಿಸಿದರೆ ಅವಳು ಹಿತ್ತಿಲ ಪಪಾಯಿ ಕೊಯ್ದು ಕಳಿಸಿದಳು. ನಾನು ಸಹಾಯ ಮಾಡಿದಷ್ಟೂ ಅವಳ ಮನೆಯ ಡಬ್ಬಿಗಳು ಖಾಲಿಯಾಗುತ್ತಿದ್ದವು. ಇನ್ನೊಂದು ವಾರ ಸಹಾಯ ಮಾಡಿದರೆ ಅವಳು ಪೂರ್ತಿ ಮುಳುಗುತ್ತಾಳೆ ಎಂದು ಹೆದರಿ ಬಟ್ಟಲನ್ನು ಬಚ್ಚಿಟ್ಟೆ. ಕುಕ್ಕರ್ ಮಾತ್ರ ಸುಮ್ಮನೇ ಇತ್ತು. ನಾನು ಕೊಟ್ಟ ಬೇಳೆಯನ್ನೂ, ನನಗೇ ಮುಂದೆ ಬೇಕಾದೀತೆಂದು ಅವಳು ತೆಗೆದಿಟ್ಟಿದ್ದಳಂತೆ!

ದೇವರ ಮುಂದೆ ಕೂತು, "ಅಮ್ಮಾ, ನಿಜ ಹೇಳಿದ್ದು ನಾನು, ಅನುಭವಿಸುತ್ತಿರುವುದು ಅವಳ ಮಕ್ಕಳು. ಏನಾದರೂ ಮಾಡು" ಎಂದು ಕೇಳಿಕೊಂಡೆ. ದೇವಿ ಎಂದೂ ನೇರವಾಗಿ ಉತ್ತರ ಕೊಡುವವಳಲ್ಲ, ಹಬ್ಬ ಕಳಿಸುತ್ತಾಳೆ. ಗೌರಿ ಹಬ್ಬ ಹತ್ತಿರ ಬಂದಿತ್ತು. ಅಟ್ಟದಿಂದ ಬಾಗಿನದ ಮೊರ ಇಳಿಸಿ ಒರೆಸುತ್ತಿದ್ದಾಗ ಹೊಳೆಯಿತು. ಬಾಗಿನಕ್ಕೆ ಏನೇನು ಬೇಕು? ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಬೆಲ್ಲ. ಉಗ್ರಾಣದ ಚೀಲದಲ್ಲಿ ಏನೇನಿದೆ? ಅದೇ. ಸಮುದ್ರದಾಚೆಯವರು ತಮಗೇ ಗೊತ್ತಿಲ್ಲದೆ ಬಾಗಿನ ಕಳಿಸಿದ್ದರು. ಬಳೆ, ಅರಿಸಿನ ಕುಂಕುಮ, ರವಿಕೆ ಕಣ ಇಷ್ಟೇ ಮರೆತಿದ್ದರು. ಎಲ್ಲಕ್ಕಿಂತ ಮುಖ್ಯ, ಬಾಗಿನ ತೆಗೆದುಕೊಳ್ಳುವವಳು ಕೈಯೊಡ್ಡುವವಳಲ್ಲ, ಗೌರಿಯ ಸ್ವರೂಪ. ಅವಳು ಒಲ್ಲೆ ಎಂದರೆ ಕೊಟ್ಟವಳ ವ್ರತವೇ ಪೂರ್ತಿಯಾಗುವುದಿಲ್ಲ.

ತೊಂದರೆ ಒಂದೇ. ಮೊರ ಚಿಕ್ಕದು, ಚೀಲ ದೊಡ್ಡದು. ಎಲ್ಲವನ್ನೂ ಹೊಸ ದಿಂಬಿನ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಕುಂಕುಮ ಹಚ್ಚಿ, ಮೇಲೆ ಮೊರ ಇಟ್ಟೆ. ಹಿಟ್ಟಿನ ಡಬ್ಬಿಗೆ ರವಿಕೆ ಕಣ ಸುತ್ತಿದೆ. ಮಾನ ಮಾನ ಎನ್ನುತ್ತಿದ್ದ ನಮ್ಮ ಮನೆಯವರು ವಿಷಯ ಕೇಳಿ ಪಂಚೆ ಎತ್ತಿ ಕಟ್ಟಿ ಚೀಲವನ್ನು ಹೊತ್ತುಕೊಂಡರು. ತಂಬುಳಿ ಕೆಲಸ ಮಾಡಿತ್ತು.

ಅಂತರ ಕಾಪಾಡಬೇಕಾದ ಕಾಲ. ಮನೆಯೊಳಗೆ ಹೋಗುವಂತಿಲ್ಲ, ಕಾಂಪೌಂಡಿನ ಮೇಲೇ ಬಾಗಿನ. ನಾನು ಮಾಸ್ಕು, ಅದರ ಮೇಲೆ ಮೂಗುತಿ; ಆ ಕಡೆ ಸರೋಜಕ್ಕ ಮಾಸ್ಕು, ಹಣೆಗೆ ಕುಂಕುಮ. ಚೀಲವನ್ನು ಗೋಡೆಯ ಮೇಲೆ ಏರಿಸಿದ್ದೇ ತಡ ಅದು ಒಂದು ಕಡೆಗೆ ವಾಲಿತು. ಎಷ್ಟೋ ತಿಂಗಳಿಂದ ಕೆಲಸವಿಲ್ಲದೆ ಕೂತಿದ್ದ ರಾಮಚಂದ್ರಣ್ಣ ಒಳಗಿಂದ ಓಡಿಬಂದರು. "ತಡೀರಿ, ತಡೀರಿ! ಸ್ವಲ್ಪ ಹಿಂದೆ... ಹಿಂದೆ ಬರ್ಲಿ... ಎಡಕ್ಕೆ ಹೊಡೀರಿ... ಹ್ಞಾ, ರೈಟ್, ರೈಟ್, ಹೋಲ್ಡಾನ್!" ಎಂದು ಗೋಡೆಗೆ ಬಡಿದರು. ಅವರ ಮುಖದಲ್ಲಿ ಅಂಥ ಕಳೆಯನ್ನು ಬಸ್ಸು ನಿಂತ ಮೇಲೆ ಕಂಡಿರಲಿಲ್ಲ.

ಸರೋಜಕ್ಕ ಚೀಲವನ್ನು ಮೇಲಿಂದ ಕೆಳಗೆ ನೋಡಿದಳು. "ಇದೆಂತ ಬಾಗಿನವೇ ಮಾರಾಯ್ತಿ? ಗೌರಿಗೆ ಕೊಡ್ತಿದ್ಯೋ, ಗಣಪತಿಗೋ?"

"ಈ ವರ್ಷ ಹಾಗೇ ಕೊಡ್ಬೇಕು ಸರೋಜಕ್ಕ. ರೋಗ ರುಜಿನ ಇರೋ ವರ್ಷ ದೊಡ್ಡ ಬಾಗಿನವಂತೆ."

"ಯಾವ ಶಾಸ್ತ್ರದಲ್ಲಿ ಉಂಟು?"

"ನಮ್ಮತ್ತೆ ಹೇಳ್ತಿದ್ರು" ಎಂದೆ. ತೀರಿಕೊಂಡ ಅತ್ತೆಯವರು ಇಂಥ ಹೊತ್ತಿನಲ್ಲಿ ಬಹಳ ಉಪಯೋಗಕ್ಕೆ ಬರುತ್ತಾರೆ.

ಅವಳು ಚೀಲದ ಮೇಲೆ ಕೈಯಿಟ್ಟಳು. ಬೇಳೆಯನ್ನು ಬಟ್ಟೆಯ ಮೇಲಿಂದಲೇ ಬೆರಳಲ್ಲಿ ಹಿಡಿದು ನೋಡಿದಳು. ಹಿಟ್ಟಿನ ಡಬ್ಬಿಯನ್ನೂ ಮುಟ್ಟಿದಳು. ನನ್ನ ಮುಖ ನೋಡಿದಳು. ಮಾಸ್ಕು ಇದ್ದದ್ದು ನನ್ನ ಪುಣ್ಯ, ಇಲ್ಲದಿದ್ದರೆ ಸಿಕ್ಕಿಬೀಳುತ್ತಿದ್ದೆ. ಮಾಸ್ಕು ಅವಳಿಗೂ ಇತ್ತು, ಅದರೊಳಗೆ ಅವಳ ತುಟಿ ಏನು ಮಾಡುತ್ತಿತ್ತೋ ನನಗೆ ಗೊತ್ತಿಲ್ಲ. ಕೊನೆಗೆ, "ನಾನು ತಗೊಳ್ದಿದ್ರೆ ನಿನ್ನ ವ್ರತ ಕೆಡ್ತದಲ್ವಾ?" ಎಂದಳು.

"ಪೂರ್ತಿ ಕೆಡ್ತದೆ."

"ಹಾಗಾದ್ರೆ ಕೊಡು. ಪಾಪ, ಮೊಸರೂ ಬಿಟ್ಟು ಕೂತಿದೀಯ. ನಿನ್ನ ವ್ರತ ಕೆಡಿಸೋ ಪಾಪ ನಂಗೆ ಬೇಡ" ಎಂದು ಸೆರಗು ಹರಡಿ ಚೀಲದ ಮೇಲೆ ಮುಚ್ಚಿದಳು.

ಮಾರನೆಯ ಬೆಳಿಗ್ಗೆ ಗಣೇಶನ ಮೋದಕಕ್ಕೆ ಕಾಯಿ ತುರಿಯುತ್ತಿದ್ದಾಗ ಗೋಡೆಯ ಆ ಕಡೆ ಕುಕ್ಕರ್ ಕೂಗಿತು. ನಾನು ತುರಿಯುವುದನ್ನು ನಿಲ್ಲಿಸಿ ಕೇಳಿದೆ. ಇನ್ನೊಂದು ಸಲ ಕೂಗಿತು. ದೇವಸ್ಥಾನದ ಗಂಟೆಗೆ ಕೈಮುಗಿಯುವ ನಾನು ಅಂದು ಕುಕ್ಕರಿಗೆ ಮುಗಿದೆ. ಸಂಜೆ ಮರುಬಾಗಿನ ಬಂತು. ಬಾಗಿನದ ಬೇಳೆ, ಅಕ್ಕಿ ರುಬ್ಬಿ, ಹಿತ್ತಿಲ ಕೆಸುವಿನ ಎಲೆಯಲ್ಲಿ ಸುತ್ತಿ ಬೇಯಿಸಿದ ಪತ್ರೊಡೆ. ಸರೋಜಕ್ಕನ ಪತ್ರೊಡೆಯ ಬಗ್ಗೆ ನಾನು ಹೆಚ್ಚು ಹೇಳಬಾರದು, ಅದನ್ನು ಬಿಡುವ ತಿಂಗಳು ಯಾವುದೂ ಚಾತುರ್ಮಾಸ್ಯದಲ್ಲಿ ಬಾರದಿರಲಿ ಎಂದಷ್ಟೇ ಬೇಡಿಕೊಳ್ಳುತ್ತೇನೆ.

ಮುಂದಿನ ಸಲದ ಫೋನಿನಲ್ಲಿ ರಕ್ಷಿತಾ ಸರೋಜಕ್ಕನಿಗೆ, ನಿಮಗೆ ಯಾರಿಂದಾದರೂ ಸಹಾಯ ಸಿಕ್ಕಿತೆ ಎಂದು ಕೇಳಿದಳು. ಗೋಡೆ ನನಗೆ ಉತ್ತರ ತಿಳಿಸಿತು. "ನಮಗಾ? ಇಲ್ಲಪ್ಪ. ನಾನೇ ಮಾಡಿದೀನಿ. ಪಕ್ಕದ ಮನೆ ಪದ್ಮನ ವ್ರತ ಕೆಡೋದ್ರಲ್ಲಿತ್ತು, ಹೋಗ್ಲಿ ಅಂತ ಉಳಿಸಿಕೊಟ್ಟೆ."

ಬಸ್ಸುಗಳು ಓಡತೊಡಗಿದವು. ರಾಮಚಂದ್ರಣ್ಣ ಬಚ್ಚಲು ಬಿಟ್ಟು ಬಸ್‌ಸ್ಟ್ಯಾಂಡಿಗೆ ಹೋದರು. ಕ್ಲಾರಾ ಒಂದು ದಿನ ಕಂಪ್ಯೂಟರಿನಲ್ಲಿ ದೇಶದೇಶದವರನ್ನು ಸೇರಿಸಿ ಸಭೆ ಮಾಡಿದಳು. ಸಂಘದ ಹೆಂಗಸರೆಲ್ಲ ಒಂದೇ ಫೋನಿನ ಮುಂದೆ ಕೂತು ನೋಡಿದೆವು. ಫೋನಿನಲ್ಲಿ ನನ್ನ ಫೋಟೋ ಬಂತು. ಗುರುತು ಸಿಗಬಾರದೆಂದು ಮುಖ ಮಸುಕು ಮಾಡಿದ್ದರು. ಹಸಿರು ರೇಷ್ಮೆ ಸೀರೆಯನ್ನು ಮಸುಕು ಮಾಡಿರಲಿಲ್ಲ. "ಅಯ್ಯೋ, ಪದ್ಮಕ್ಕ!" ಎಂದು ಎಲ್ಲರೂ ಒಟ್ಟಿಗೇ ಕೂಗಿದರು. ಪರದೆಯ ಕೆಳಗಿನ ಪಾದಗಳನ್ನು ತೋರಿಸಿ ಕ್ಲಾರಾ ಏನೋ ಗಂಭೀರವಾಗಿ ಹೇಳಿದಳು. ಮನೆಯ ಗಂಡಸಿನ ಮಾನಸಿಕ ಸ್ಥಿತಿಯ ಬಗ್ಗೆ ಎಂದು ರಕ್ಷಿತಾ ಆಮೇಲೆ ತಿಳಿಸಿದಳು. ಅದೊಂದು ಮಾತು ಮಾತ್ರ ಆ ಸಮೀಕ್ಷೆಯಲ್ಲಿ ನೂರಕ್ಕೆ ನೂರು ನಿಜವಾಗಿತ್ತು.

ವಿಮಾನ ಹಾರತೊಡಗಿದ ಮೇಲೆ ಕ್ಲಾರಾ ಒಮ್ಮೆ ಬಂದಳು. ಬಾಗಿಲಲ್ಲೇ ನನ್ನನ್ನು ಅಪ್ಪಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, ನನ್ನ ಸೊಂಟದ ಸುತ್ತಳತೆಯನ್ನು ತುಂಬಿದ ಕಣ್ಣಿನಿಂದ ನೋಡಿ ಏನೋ ಹೇಳಿದಳು. ಜೊತೆಗೆ ಬಂದಿದ್ದ ರಕ್ಷಿತಾ ನಗು ತಡೆದುಕೊಂಡು, "ಎಷ್ಟು ಚೆನ್ನಾಗಿ ಚೇತರಿಸ್ಕೊಂಡಿದೀರಿ ಅಂತಿದಾರೆ ಆಂಟಿ" ಎಂದಳು.

ಈಗ ಪದ್ಧತಿ ಬದಲಾಗಿದೆ. ಮೊದಲು ಕ್ಲಾರಾ ಪ್ರಶ್ನೆ ಬರೆಯುತ್ತಿದ್ದಳು, ಇಲ್ಲಿಯವರು ಅದನ್ನು ಓದುತ್ತಿದ್ದರು. ಈಗ ಪ್ರಶ್ನೆ ಬರೆಯುವವಳೇ ರಕ್ಷಿತಾ. ಮೂರು ತಾಲೂಕಿಗೂ ಅವಳೇ ಮುಖ್ಯಸ್ಥೆ, ಕ್ಲಾರಾ ಅಲ್ಲಿಂದ ಕೇಳಿಸಿಕೊಳ್ಳುತ್ತಾಳೆ. ಕಲ್ಲು ಮಾತ್ರ ಅದೇ. ಕ್ಲಾರಾ ಬಂದ ಆ ದಿನ ನಮ್ಮ ಅಡುಗೆಮನೆಯಲ್ಲಿ ರಕ್ಷಿತಾಳಿಗೆ ಗೋಡೆಯ ಕತೆ, ಗಂಜಿಗೆ ಸೀಟಿ ಇಲ್ಲದ ಕತೆ ಎಲ್ಲ ಹೇಳಿದೆ. ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ಪಕ್ಕದ ಮನೆಗೆ ಕಿವಿ ಕೊಡುವುದು ಜಾಣತನವಾದರೆ ನಮ್ಮ ಕೇರಿಯಲ್ಲಿ ಎಲ್ಲರೂ ಪಂಡಿತರೇ. ಅವಳು ಮಾತ್ರ ಅದನ್ನೆಲ್ಲ ಬರೆದುಕೊಂಡಳು. ಆಮೇಲೆ ಸಮೀಕ್ಷೆಗೆ ಹೊಸ ಪ್ರಶ್ನೆ ಸೇರಿತು. ನಿಮ್ಮ ಮನೆಯಲ್ಲಿ ಏನು ತಿಂದಿರಿ ಎಂದು ಈಗ ಕೇಳುವುದಿಲ್ಲ. ನಿಮ್ಮ ಪಕ್ಕದ ಮನೆಯಲ್ಲಿ ಈ ವಾರ ಏನು ಬೇಯಿತು ಎಂದು ಕೇಳುತ್ತಾರೆ. ತನ್ನ ಮನೆಯ ವಿಷಯದಲ್ಲಿ ಸುಳ್ಳು ಹೇಳುವ ಹೆಂಗಸು ಕೂಡ ಪಕ್ಕದ ಮನೆಯ ವಿಷಯದಲ್ಲಿ ಸತ್ಯಹರಿಶ್ಚಂದ್ರನ ತಂಗಿ. ಅವಳ ಲೆಕ್ಕ ಈಗ ಸರಿಯಾಗಿ ಕೂರುತ್ತಿದೆಯಂತೆ.

ನನಗೂ ಸಂತೋಷವೇ ಆಗಿತ್ತು, ಮೊನ್ನೆ ಏಕಾದಶಿಯವರೆಗೆ. ಸಂಜೆ ಮಿಕ್ಸಿಗೆ ಕಾಯಿ ಹಾಕಿ ತಿರುಗಿಸುತ್ತಿದ್ದೆ. ಪಕ್ಕದಲ್ಲಿ ಫೋನು ಹೊಡೆದುಕೊಂಡಿತು. ರಕ್ಷಿತಾಳೇ ಇರಬೇಕೆಂದು ಮಿಕ್ಸಿ ನಿಲ್ಲಿಸಿ ಗೋಡೆಯ ಹತ್ತಿರ ಹೋದೆ.

"ಪದ್ಮನ ಮನೆಯಲ್ಲಾ?" ಎಂದಳು ಸರೋಜಕ್ಕ. "ಇವತ್ತು ಏಕಾದಶಿ ಅಲ್ವಾ, ಅವಳಿಗೆ ಉಪವಾಸ. ಬರ್ಕೊ. ಬೆಳಿಗ್ಗೆ ಗೊಜ್ಜವಲಕ್ಕಿ ಒಗ್ಗರಣೆ ವಾಸನೆ ಬಂತು. ಅದಾದ ಮೇಲೆ ಬಾಳೆಹಣ್ಣಿನ ಹಲ್ವ, ತುಪ್ಪದಲ್ಲಿ. ಮಧ್ಯಾಹ್ನ ಸಬ್ಬಕ್ಕಿ ಹುರಿದ್ಲು. ಆಮೇಲೆ ಎಂತದೋ ಕರಿದ್ಲು, ಹಲಸಿನ ಹಪ್ಪಳ ಇರ್ಬೇಕು. ಈಗ ಗೋಧಿ ದೋಸೆಗೆ ಚಟ್ನಿ ರುಬ್ತಿದ್ಲು, ಮಿಕ್ಸಿ ಇದೀಗ ನಿಂತಿತು. ಗೋಡೆಗೆ ಕಿವಿ ಇಟ್ಟಿರ್ತಾಳೆ, ನಂಗೊತ್ತು. ನೋಡು ರಕ್ಷಿತಾ, ಆ ಮನೆಗೆ ಇನ್ನು ಯಾವತ್ತೂ ಕಿಟ್ ಕಳಿಸ್ಬೇಡ ಮಾರಾಯ್ತಿ."

ಒಂದಕ್ಷರ ಸುಳ್ಳಿರಲಿಲ್ಲ. ನಾನು ಸದ್ದಾಗದಂತೆ ಹಿಂದೆ ಬಂದು, ಜಾರಿನ ಮುಚ್ಚಳವನ್ನು ಒತ್ತಿ ಹಿಡಿದು, ಮಿಕ್ಸಿಯ ಸ್ವಿಚ್ ಹಾಕಿದೆ. ಚಟ್ನಿ ಇನ್ನೂ ತರಿತರಿಯಾಗಿತ್ತು.